ಮುಖ ನೋಡಿ ಮಣೆ ಹಾಕುವ ನಾಲಗೆ: ಲೇಬಲ್ ನಿಯಮ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಸಿಹಿತಿನಿಸು, ಚಿಪ್ಸ್, ಬಿಸ್ಕತ್ತು, ಚಾಕೊಲೇಟುಗಳ ಪೊಟ್ಟಣದ ಮೇಲೆ ಏನೇನು ಅಚ್ಚಾಗಲೇಬೇಕು, ಅಕ್ಷರ ಎಷ್ಟು ಎತ್ತರ ಇರಬೇಕು, ಯಾವ ಮಾತು ಆಡಕೂಡದು ಎಂದು ನಿಯಮ ಬರೆಯುವವರು ನೀವು. ಯಾವ ದೇಶದ ಯಾವ ಕಚೇರಿಯಲ್ಲಿ ಕೂತಿದ್ದೀರಿ ಎಂಬುದು ಈ ಪತ್ರಕ್ಕೆ ಮುಖ್ಯವಲ್ಲ. ನಾನು 11 ವರ್ಷ ಅಂಥ ನಿಯಮಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪೊಟ್ಟಣಗಳ ಮುಖ ವಿನ್ಯಾಸ ಮಾಡಿದವನು. ಒಂದೇ ಒಂದು ನಿಯಮವನ್ನೂ ಮುರಿಯಲಿಲ್ಲ. ಮುರಿಯುವ ಅಗತ್ಯವೇ ಬೀಳಲಿಲ್ಲ. ಅದನ್ನು ಹೇಳೋಣವೆಂದೇ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿ ಎರಡನೆಯ ವರ್ಷವೋ ಮೂರನೆಯದೋ ಇರಬೇಕು. ಒಂದೇ ಬಿಸ್ಕತ್ತಿಗೆ ಎರಡು ಪೊಟ್ಟಣ ಮಾಡಿಕೊಡಲು ಹೇಳಿದರು. ಒಂದು ಹೊಳೆಯುವ ಕೆಂಪು, ಉಬ್ಬಿದ ದುಂಡು ಅಕ್ಷರ, ತುಂಬಿ ತುಳುಕುವ ಕೆನೆಯ ಚಿತ್ರ. ಇನ್ನೊಂದು ಹೊಳಪಿಲ್ಲದ ಮಣ್ಣಿನ ಬಣ್ಣ, ಸಣ್ಣ ಅಕ್ಷರ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗೀಚಿದಂತೆ ಒಂದು ತೆನೆ. ಒಳಗಿನದು ಒಂದೇ ಬ್ಯಾಚಿನ ಮಾಲು. ರುಚಿ ನೋಡಲು ಕರೆಸಿದ್ದವರಲ್ಲಿ ಹೆಚ್ಚಿನವರು ಮಣ್ಣಿನ ಬಣ್ಣದ್ದರಲ್ಲಿ ಸಿಹಿ ಕಡಿಮೆ, ಹಿಟ್ಟು ಒರಟಾಗಿದೆ, ‘ಇದು ಒಳ್ಳೆಯದು’ ಎಂದರು. ಅವರು ಹಾಗನ್ನಲಿ ಎಂದೇ ಅದನ್ನು ಮಾಡಿದ್ದು, ಹಾಗಾಗಿ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯ ಆದದ್ದು ಸಂಜೆ. ಎಲ್ಲರೂ ಹೋದ ಮೇಲೆ ಉಳಿದ ಪೊಟ್ಟಣಗಳನ್ನು ಒಡೆದು ನಾನೂ ಒಂದೊಂದು ತಿಂದೆ. ಮಣ್ಣಿನ ಬಣ್ಣದ್ದು ನನಗೂ ಸಿಹಿ ಕಡಿಮೆ ಅನ್ನಿಸಿತು. ಬೆಳಿಗ್ಗೆ ಒಂದೇ ತಟ್ಟೆಯಿಂದ ಎರಡಕ್ಕೂ ಬಿಸ್ಕತ್ತು ತುಂಬಿದವನು ನಾನೇ.

ನಿಮ್ಮ ನಿಯಮಗಳ ತಳಪಾಯದಲ್ಲಿ ಒಂದು ನಂಬಿಕೆ ಇದೆ. ಕೊಳ್ಳುವವರು ಪೊಟ್ಟಣ ತಿರುಗಿಸುತ್ತಾರೆ, ಹಿಂಬದಿಯ ಪಟ್ಟಿ ಓದುತ್ತಾರೆ, ಸಕ್ಕರೆ ಎಷ್ಟು ಎಣ್ಣೆ ಎಷ್ಟು ಎಂದು ತಿಳಿದುಕೊಂಡು ತೀರ್ಮಾನಕ್ಕೆ ಬರುತ್ತಾರೆ. ತಿಳಿಯದೆ ಮೋಸ ಹೋದರೆ ಅದು ಅವರ ಅಸಡ್ಡೆ. ಆ ಸಂಜೆ ನನಗೆ ತಿಳಿಯದ್ದು ಏನೂ ಇರಲಿಲ್ಲ. ಪಟ್ಟಿಯನ್ನು ಟೈಪ್ ಮಾಡಿದವನೇ ನಾನು. ಆದರೂ ನನ್ನ ನಾಲಗೆ ಕಣ್ಣಿನ ಮಾತು ಕೇಳಿತು. ಮುಖ ನೋಡಿ ಮಣೆ ಹಾಕುವುದು ಅಂತಾರಲ್ಲ, ನಾಲಗೆ ಮಾಡುವುದು ಅದನ್ನೇ.

ಇದು ಹೊಸ ಸಂಗತಿಯೂ ಅಲ್ಲ. ಉಕ್ರೇನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಲೂಯಿಸ್ ಚೆಸ್ಕಿನ್ ಎಂಬ ಮಾರುಕಟ್ಟೆ ಸಂಶೋಧಕ ಕಳೆದ ಶತಮಾನದ ನಡುಭಾಗದಲ್ಲೇ ಇದಕ್ಕೊಂದು ಹೆಸರಿಟ್ಟಿದ್ದ: ‘ಸೆನ್ಸೇಷನ್ ಟ್ರಾನ್ಸ್‌ಫರೆನ್ಸ್’. ಹೊದಿಕೆ ಹುಟ್ಟಿಸಿದ ಭಾವನೆಯನ್ನು ಜನ ತಮಗರಿವಿಲ್ಲದೆ ಒಳಗಿನ ಪದಾರ್ಥಕ್ಕೆ ದಾಟಿಸಿಬಿಡುತ್ತಾರೆ ಎಂಬುದು ಅವನ ಮಾತಿನ ಸಾರ. ಎಣ್ಣೆಯಿಂದ ಮಾಡುವ, ಬೆಣ್ಣೆಯ ಬಡ ತಮ್ಮನಂತಿದ್ದ ಮಾರ್ಗರಿನ್‌ಗೆ ಹಳದಿ ಬಣ್ಣ, ಮೇಲೊಂದು ಬೆಳ್ಳಿ ಹಾಳೆ ಸಿಕ್ಕಿದರೆ ಅದರ ರುಚಿಯ ಅಂತಸ್ತೇ ಏರುತ್ತದೆ ಎಂದು ತೋರಿಸಿದವನು ಅವನು. ಸೆವೆನ್‌ಅಪ್ ಡಬ್ಬಿಯ ಹಸಿರಿಗೆ ಹಳದಿಯನ್ನು ಸ್ವಲ್ಪ ಹೆಚ್ಚು ಬೆರೆಸಿದಾಗ ಜನ ‘ನಿಂಬೆ ಜಾಸ್ತಿ ಹಾಕಿದ್ದೀರಿ’ ಎಂದು ದೂರಿದ ಕಥೆ ನಮ್ಮ ಕಸುಬಿನಲ್ಲಿ ಹೊಸಬರಿಗೆ ಹೇಳುವ ಮೊದಲ ಕಥೆ. ಪಾನೀಯ ಮಾತ್ರ ಇದ್ದ ಹಾಗೇ ಇತ್ತು.

ಹಾಗೆ ನೋಡಿದರೆ ಈ ಕಥೆಗೆ ಮೊಮ್ಮಕ್ಕಳು ಬಹಳ. 2011ರ ಚಳಿಗಾಲದಲ್ಲಿ ಕೋಕಾಕೋಲಾ ತನ್ನ ಕೆಂಪು ಡಬ್ಬಿಯನ್ನು ಹಿಮಕರಡಿಗಳ ನೆಪದಲ್ಲಿ ಬಿಳಿ ಮಾಡಿತು. ರುಚಿ ಬದಲಾಗಿದೆ ಎಂದು ಕೆಲವರು ತಕರಾರು ತೆಗೆದರು, ಕಂಪನಿ ಕೆಂಪಿಗೇ ಮರಳಿತು. ಬ್ರಿಟನ್ನಿನಲ್ಲಿ ಕ್ಯಾಡ್‌ಬರಿ ಡೇರಿ ಮಿಲ್ಕ್‌ನ ಚೌಕ ತುಂಡುಗಳ ಅಂಚು ದುಂಡಗಾದಾಗ ಸಿಹಿ ಹೆಚ್ಚಾಯಿತೆಂದು ಜನ ಗೊಣಗಿದರು. ಪಾಕ ಬದಲಿಸಿಲ್ಲ ಎಂದು ಕಂಪನಿ ಹೇಳಬೇಕಾಯಿತು. ದುಂಡಗಿನದು ಸಿಹಿ, ಮೂಲೆ ಇರುವುದು ಕಹಿ ಅಥವಾ ಹುಳಿ: ಈ ನಂಟು ನಮ್ಮೆಲ್ಲರ ತಲೆಯಲ್ಲೂ ಸ್ವಲ್ಪಮಟ್ಟಿಗೆ ಇರುತ್ತದೆ. ಇಂಥ ನಂಟಿನ ಬೇರು 1929ರಷ್ಟು ಹಿಂದಕ್ಕೆ ಹೋಗುತ್ತದೆ. ವುಲ್ಫ್‌ಗಾಂಗ್ ಕ್ಯೋಲರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಮೊನಚು ಆಕೃತಿ, ಒಂದು ದುಂಡು ಆಕೃತಿ ಬರೆದು, ಅರ್ಥವಿಲ್ಲದ ಎರಡು ಶಬ್ದ ಕೊಟ್ಟು ಯಾವುದಕ್ಕೆ ಯಾವುದು ಎಂದು ಕೇಳಿದ್ದ. ಗಡಸು ಶಬ್ದ ಮೊನಚಿಗೆ, ಮೆತ್ತನೆಯದು ದುಂಡಿಗೆ ಎಂದೇ ಉತ್ತರ ಬಂತು. ಕಣ್ಣು, ಕಿವಿ, ನಾಲಗೆ ಒಂದೇ ಮನೆಯ ಅಕ್ಕಪಕ್ಕದ ಕೋಣೆಗಳು. ನಡುವಿನ ಬಾಗಿಲಿಗೆ ಚಿಲಕವಿಲ್ಲ.

ಕಿವಿಯ ಮಾತು ಬಂತಲ್ಲ. ಮಾಸ್ಸಿಮಿಲಿಯಾನೊ ಝಂಪೀನಿ ಮತ್ತು ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರಿಗೆ ಹೆಡ್‌ಫೋನ್ ತೊಡಿಸಿ ಆಲೂಗಡ್ಡೆ ಚಿಪ್ಸ್ ಕಚ್ಚಿಸಿದರು. ಕಚ್ಚುವ ಸದ್ದನ್ನು ಜೋರು ಮಾಡಿದಾಗ, ಅದರಲ್ಲೂ ಮೇಲಿನ ಸ್ವರದ ಭಾಗವನ್ನು ಏರಿಸಿದಾಗ, ಅದೇ ಚಿಪ್ಸ್ ಹೆಚ್ಚು ಗರಿಗರಿಯಾಗಿ, ಹೆಚ್ಚು ತಾಜಾ ಆಗಿ ತೋರಿತು. ಇದಕ್ಕೆ 2008ರಲ್ಲಿ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ. ನಮ್ಮ ಕಸುಬಿನವರು ಮಾತ್ರ ನಗಲಿಲ್ಲ. ಚಿಪ್ಸ್ ಚೀಲದ ಸರಬರ ಸದ್ದೂ ಲೆಕ್ಕಾಚಾರದ ಒಳಗೇ ಇರುತ್ತದೆ. ಅತಿಯಾದರೆ ಕೆಡುತ್ತದೆ, ನಿಜ. ಸನ್‌ಚಿಪ್ಸ್ ಮಣ್ಣಿನಲ್ಲಿ ಕೊಳೆಯುವ ಚೀಲ ತಂದಾಗ ಅದರ ಗದ್ದಲ ತಾಳಲಾರದೆ ಜನ ಎಷ್ಟು ದೂರಿದರೆಂದರೆ, 2010ರಲ್ಲಿ ಅಮೆರಿಕದಲ್ಲಿ ಬಹುಪಾಲು ಬಗೆಗಳಿಗೆ ಹಳೆಯ ಚೀಲವೇ ವಾಪಸಾಯಿತು. ಪರಿಸರಕ್ಕೆ ಒಳ್ಳೆಯ ಕೆಲಸವೊಂದು ಸದ್ದಿಗೆ ಸೋತಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಕ್ಷೇತ್ರದಲ್ಲಿ ಜೊಳ್ಳೂ ಇದೆ. ತಟ್ಟೆಯ ಗಾತ್ರ, ಡಬ್ಬಿಯ ಚಿತ್ರ, ಊಟದ ಪ್ರಮಾಣ ಎಂದು ವರ್ಷಗಟ್ಟಲೆ ಪತ್ರಿಕೆಗಳ ತಲೆಬರಹವಾಗಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದ ಹತ್ತಕ್ಕೂ ಹೆಚ್ಚು ಲೇಖನಗಳನ್ನು ವಿದ್ವತ್ ಪತ್ರಿಕೆಗಳು ಹಿಂತೆಗೆದುಕೊಂಡವು. ಅದರ ಮುಖ್ಯಸ್ಥರ ಕೆಲಸದಲ್ಲಿ ಶೈಕ್ಷಣಿಕ ದುರ್ನಡತೆ ಇತ್ತೆಂದು 2018ರಲ್ಲಿ ವಿಶ್ವವಿದ್ಯಾಲಯವೇ ಹೇಳಿತು. ಆದ್ದರಿಂದ ಬಣ್ಣದ ಬಗ್ಗೆ ಯಾರಾದರೂ ಮ್ಯಾಜಿಕ್ಕಿನಂಥ ಶೇಕಡಾವಾರು ಹೇಳಿದರೆ ನಾನು ಮೊದಲು ಅನುಮಾನಿಸುತ್ತೇನೆ. ನೀವೂ ಅನುಮಾನಿಸಿ. ಒಂದೊಂದು ಬಣ್ಣವೂ ಒಬ್ಬೊಬ್ಬರ ಮೇಲೂ ಎಷ್ಟು ತೂಗುತ್ತದೆ ಎಂಬ ಲೆಕ್ಕ ಯಾರ ಕೈಯಲ್ಲೂ ಇಲ್ಲ. ತೂಗುತ್ತದೆ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ತೂಗದಿದ್ದರೆ ಕಂಪನಿಗಳು ನನ್ನಂಥವರಿಗೆ ಸಂಬಳ ಕೊಡುತ್ತಿರಲಿಲ್ಲ.

ಈಗ ನಿಮ್ಮ ಪುಸ್ತಕದಲ್ಲಿರುವ ಕಂಡಿಯ ವಿಷಯಕ್ಕೆ ಬರುತ್ತೇನೆ.

‘ಸಕ್ಕರೆ ಕಡಿಮೆ’ ಎಂದು ನಾನು ಪೊಟ್ಟಣದ ಮೇಲೆ ಬರೆದರೆ ನೀವು ಪುರಾವೆ ಕೇಳುತ್ತೀರಿ. ಎಷ್ಟು ಕಡಿಮೆ, ಯಾವುದಕ್ಕಿಂತ ಕಡಿಮೆ ಎಂದು ಗ್ರಾಂ ಲೆಕ್ಕದಲ್ಲಿ ತೋರಿಸಬೇಕು. ಅದೇ ಮಾತನ್ನು ಹೊಳಪಿಲ್ಲದ ಲ್ಯಾಮಿನೇಟಿನಲ್ಲಿ, ಎಲೆಹಸಿರಿನಲ್ಲಿ, ಪೆನ್ಸಿಲ್ ಗೀಟಿನ ತೆನೆಯಲ್ಲಿ ಹೇಳಿದರೆ ಯಾರೂ ಏನೂ ಕೇಳುವುದಿಲ್ಲ. ಮಾತಿಗೆ ಕಾನೂನು, ಬಣ್ಣಕ್ಕೆ ಮಾಫಿ. ಜೊನಾಥನ್ ಶುಲ್ಟ್ ಎಂಬ ಸಂಶೋಧಕ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೋಡಿ: ಒಂದೇ ಕ್ಯಾಲೊರಿ ಸಂಖ್ಯೆಯನ್ನು ಒಂದು ಮಿಠಾಯಿಗೆ ಕೆಂಪು ಪಟ್ಟಿಯಲ್ಲಿ, ಇನ್ನೊಂದಕ್ಕೆ ಹಸಿರು ಪಟ್ಟಿಯಲ್ಲಿ ಅಚ್ಚು ಹಾಕಿದರೆ ಹಸಿರಿನದ್ದೇ ಆರೋಗ್ಯಕರ ಎಂದು ಜನ ಬಗೆದರು. ಗಮನಿಸಬೇಕಾದ್ದು ಇಲ್ಲಿದೆ. ಆ ಪಟ್ಟಿ ಇರುವುದೇ ಜನರಿಗೆ ನಿಜ ತಿಳಿಯಲಿ ಎಂದು. ನಿಜ ಹೇಳುವ ಪಟ್ಟಿಯ ಬಣ್ಣವೇ ಬೇರೆ ಕಥೆ ಹೇಳಬಲ್ಲದು.

ಹಣ್ಣಿನ ಚಿತ್ರದ ಕಥೆ ಇನ್ನೂ ಸ್ವಾರಸ್ಯ. ನನ್ನ ಮೇಜಿಗೆ ಬರುತ್ತಿದ್ದ ಬ್ರೀಫ್‌ಗಳಲ್ಲಿ, ಅಂದರೆ ಪೊಟ್ಟಣ ಹೇಗಿರಬೇಕೆಂದು ಕಂಪನಿ ಬರೆದುಕೊಡುವ ಸೂಚನೆಗಳಲ್ಲಿ, ಒಂದು ಸಾಲು ತಪ್ಪುತ್ತಿರಲಿಲ್ಲ: ‘ಹಣ್ಣು ರಸ ಚಿಮ್ಮುವಂತಿರಲಿ.’ ಒಳಗಿನ ಪದಾರ್ಥಕ್ಕೂ ಆ ಹಣ್ಣಿಗೂ ಇದ್ದ ಸಂಬಂಧ ಪರಿಮಳದ್ದು ಮಾತ್ರ. ಫೋಟೊ ತೆಗೆಯುವ ದಿನ ಹಣ್ಣನ್ನು ಸೀಳಿ, ನೀರಿನ ಹನಿ ಕೂರಿಸಿ, ಬಿಸ್ಕತ್ತಿನ ಚಾಕೊಲೇಟ್ ತುಣುಕುಗಳನ್ನು ಚಿಮಟದಲ್ಲಿ ಒಂದೊಂದಾಗಿ ಆರಿಸಿ ಅಂಟಿಸುತ್ತಿದ್ದೆವು. ಐವತ್ತು ಬಿಸ್ಕತ್ತುಗಳ ತುಣುಕು ಐದು ಬಿಸ್ಕತ್ತಿನ ಮೇಲೆ ಕೂರುತ್ತಿತ್ತು. ಕೊನೆಗೆ ತಳದಲ್ಲಿ, ಸೀಲ್ ಮಾಡುವ ಅಂಚಿನ ಹತ್ತಿರ, ‘ಚಿತ್ರ ಸಾಂಕೇತಿಕ’ ಎಂಬ ಎರಡು ಪದ, ಇರುವೆಗಾತ್ರದಲ್ಲಿ. ಆ ಎರಡು ಪದ ಇದ್ದರೆ ಕಾನೂನು ವಿಭಾಗದವರು ಸಹಿ ಹಾಕುತ್ತಿದ್ದರು. ಅದು ಓದುವವರಿಗಾಗಿ ಇದ್ದದ್ದಲ್ಲ, ನಿಮಗಾಗಿ ಇದ್ದದ್ದು.

ಇದನ್ನು ನ್ಯಾಯಾಲಯಗಳು ಆಗಲೇ ಗುರುತಿಸಿವೆ, ನಿಯಮ ಬರೆಯುವವರಿಗಿಂತ ಮೊದಲು. ಅಮೆರಿಕದಲ್ಲಿ ಗರ್ಬರ್ ಕಂಪನಿ ಪುಟ್ಟ ಮಕ್ಕಳಿಗೆಂದು ಮಾರುತ್ತಿದ್ದ ಹಣ್ಣಿನ ರಸದ ತಿನಿಸಿನ ಪೊಟ್ಟಣದ ಮೇಲೆ ಕಿತ್ತಳೆ, ಪೀಚ್, ಸ್ಟ್ರಾಬೆರಿ, ಚೆರ್ರಿ ಚಿತ್ರಗಳಿದ್ದವು. ಒಳಗಿದ್ದ ಒಂದೇ ಹಣ್ಣಿನ ರಸ ಬಿಳಿ ದ್ರಾಕ್ಷಿಯದು. ಪದಾರ್ಥಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಂದಿದ್ದವು ಕಾರ್ನ್ ಸಿರಪ್ ಮತ್ತು ಸಕ್ಕರೆ. 2008ರಲ್ಲಿ ಅಲ್ಲಿನ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದರ ತಿರುಳು ಇಷ್ಟೆ: ಮುಂಬದಿಯ ತಪ್ಪು ಚಿತ್ರವನ್ನು ಪಕ್ಕದ ಸಣ್ಣ ಅಕ್ಷರದಲ್ಲಿ ತಿದ್ದಿಕೊಳ್ಳುವ ಹೊಣೆಯನ್ನು ಸಾಮಾನ್ಯ ಗ್ರಾಹಕರ ಮೇಲೆ ಹೊರಿಸುವಂತಿಲ್ಲ, ಪದಾರ್ಥಗಳ ಪಟ್ಟಿ ಇರುವುದು ಮುಂಬದಿ ಹೇಳಿದ್ದನ್ನು ಖಚಿತಪಡಿಸಲು, ಅದರ ಮೋಸಕ್ಕೆ ರಕ್ಷಣೆ ಕೊಡಲು ಅಲ್ಲ. ಏಳು ವರ್ಷದ ನಂತರ, 2015ರ ಜೂನ್‌ನಲ್ಲಿ, ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೂ ಒಂದು ಚಹಾದ ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. ಪೊಟ್ಟಣದ ಮೇಲೆ ರಾಸ್ಪ್‌ಬೆರಿ, ವೆನಿಲಾ ಹೂವು. ಒಳಗೆ ಎರಡೂ ಇಲ್ಲ. ಪಟ್ಟಿ ಮಾತ್ರ ಅಕ್ಷರಶಃ ಸರಿ. ಪಟ್ಟಿ ಸರಿಯಿದ್ದರೂ ಒಟ್ಟು ಲೇಬಲ್ ದಾರಿ ತಪ್ಪಿಸಬಲ್ಲದು ಎಂದಿತು ನ್ಯಾಯಾಲಯ.

ಮುಂಬದಿಯ ಚಿತ್ರವನ್ನೂ ಒಂದು ಹೇಳಿಕೆ ಎಂದೇ ತೂಗಬೇಕು ಎಂಬ ತತ್ವ ಹೀಗೆ ಒಪ್ಪಿತವಾಗಿದೆ. ಆದರೆ ಅದು ಒಬ್ಬೊಬ್ಬ ಗ್ರಾಹಕ ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ ಸಿಗುವ ತತ್ವ. ಪೊಟ್ಟಣ ಅಂಗಡಿಗೆ ಹೋಗುವ ಮೊದಲೇ ಅದನ್ನು ನೋಡುವ ಅಧಿಕಾರ ನಿಮ್ಮದು.

ಮಕ್ಕಳ ವಿಷಯದಲ್ಲಿ ನಾನು ಹೆಚ್ಚು ತಣ್ಣಗೆ ಬರೆಯಲಾರೆ. 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಯೇಲ್ ಸಂಶೋಧಕರ ಅಧ್ಯಯನದಲ್ಲಿ ನಾಲ್ಕರಿಂದ ಆರು ವರ್ಷದ 40 ಮಕ್ಕಳಿಗೆ ಒಂದೇ ತಿನಿಸನ್ನು ಎರಡು ಪೊಟ್ಟಣದಲ್ಲಿ ಕೊಟ್ಟರು. ಒಂದರ ಮೇಲೆ ಡೋರಾ, ಶ್ರೆಕ್, ಸ್ಕೂಬಿ ಡೂಗಳಂಥ ಕಾರ್ಟೂನ್ ಪಾತ್ರದ ಅಂಟುಚಿತ್ರ, ಇನ್ನೊಂದು ಬೋಳು. ಚಿತ್ರವಿದ್ದದ್ದೇ ಹೆಚ್ಚು ರುಚಿ ಎಂದರು ಮಕ್ಕಳು. ಸಿಹಿ ಅಂಟುಮಿಠಾಯಿ ಮತ್ತು ಬಿಸ್ಕತ್ತಿನಲ್ಲಿ ಈ ಪರಿಣಾಮ ಎದ್ದು ಕಂಡಿತು, ಕ್ಯಾರೆಟ್ಟಿನಲ್ಲಿ ಅಷ್ಟಿರಲಿಲ್ಲ. ಹಾಗಾದರೆ ತರಕಾರಿಗೂ ಕಾರ್ಟೂನು ಅಂಟಿಸಿದರಾಯಿತಲ್ಲ ಎಂದು ಕಂಪನಿಯವರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅಂಟಿಸಲಿ, ಯಾರು ಬೇಡವೆಂದರು. ಹೇಳಿದವರು ತರಕಾರಿ ಮಾರುವವರಾಗಿರಲಿಲ್ಲ, ಅಷ್ಟೆ.

ನಾಲ್ಕು ವರ್ಷದ ಮಗುವಿಗೆ ಪೊಟ್ಟಣ ತಿರುಗಿಸಿ ಓದು ಎಂದು ಹೇಳಲಾಗುವುದಿಲ್ಲ. ಚಿಲಿ ದೇಶ ಇದನ್ನು ನೇರವಾಗಿ ಒಪ್ಪಿಕೊಂಡಿತು. 2016ರ ಜೂನ್‌ನಿಂದ ಅಲ್ಲಿ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬು, ಕ್ಯಾಲೊರಿ ಮಿತಿಮೀರಿದ ಪೊಟ್ಟಣದ ಮುಂಬದಿಯಲ್ಲಿ ಕಪ್ಪು ಅಷ್ಟಕೋನ ಬಂತು. ಅಂಥ ಪೊಟ್ಟಣದಿಂದ ಮಕ್ಕಳನ್ನು ಸೆಳೆಯುವ ಪಾತ್ರಗಳು ಹೊರನಡೆದವು. ಕೆಲಾಗ್ಸ್‌ನ ಸಕ್ಕರೆ ಲೇಪಿಸಿದ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲೆ ದಶಕಗಳಿಂದ ಕೂತಿದ್ದ ಹುಲಿಯೂ ಇಳಿಯಿತು. ಮೆಕ್ಸಿಕೊ 2020ರಿಂದ ಅದೇ ಹಾದಿಯಲ್ಲಿದೆ. ಒಬ್ಬ ವಿನ್ಯಾಸಕಾರನಾಗಿ ಆ ಕಪ್ಪು ಅಷ್ಟಕೋನದ ಬಗ್ಗೆ ನನಗೆ ಗೌರವವಿದೆ. ಅದು ಪೊಟ್ಟಣದ ಭಾಷೆಯಲ್ಲೇ ಪೊಟ್ಟಣಕ್ಕೆ ಉತ್ತರ ಕೊಡುತ್ತದೆ: ಬಣ್ಣಕ್ಕೆ ಬಣ್ಣ, ಆಕಾರಕ್ಕೆ ಆಕಾರ. ಹಿಂಬದಿಯ ಆರು ಅಂಕಣದ ಕೋಷ್ಟಕ ಎಂದೂ ಮಾಡಲಾಗದ ಕೆಲಸ ಅದು.

ಪೊಟ್ಟಣ ಎಂದರೆ ಮೋಸ ಎಂದು ನಾನು ಹೇಳುತ್ತಿಲ್ಲ. ಚಿಪ್ಸ್ ಚೀಲ ಬಲೂನಿನಂತೆ ಉಬ್ಬಿರುವುದನ್ನು ನೋಡಿ ಗಾಳಿ ಮಾರುತ್ತಾರೆ ಎಂದು ಬೈಯುವವರಿದ್ದಾರೆ. ಒಳಗಿರುವುದು ಬಹುಪಾಲು ನೈಟ್ರೋಜನ್. ಆಮ್ಲಜನಕ ಇದ್ದರೆ ಎಣ್ಣೆ ಮುಗ್ಗುಹಿಡಿದು ವಾಸನೆ ಬರುತ್ತದೆ. ಮೆತ್ತೆ ಇಲ್ಲದಿದ್ದರೆ ಲಾರಿಯಲ್ಲಿ ಪುಡಿಯಾಗುತ್ತದೆ. ಒಳಮೈಯ ಬೆಳ್ಳಿ ಹೊಳಪು ಅಲ್ಯೂಮಿನಿಯಮ್ಮಿನ ಅತಿ ತೆಳು ಲೇಪ, ಬೆಳಕು ಮತ್ತು ತೇವವನ್ನು ತಡೆಯಲು. 1926ರಲ್ಲಿ ಕ್ಯಾಲಿಫೋರ್ನಿಯಾದ ಲಾರಾ ಸ್ಕಡರ್ ತಮ್ಮ ಕೆಲಸದ ಹೆಂಗಸರಿಂದ ಮೇಣದ ಕಾಗದಕ್ಕೆ ಇಸ್ತ್ರಿ ಹಾಕಿಸಿ ಚಿಪ್ಸ್‌ಗೆ ಚೀಲ ಮಾಡಿಸುವವರೆಗೂ ದೊಡ್ಡ ಪೀಪಾಯಿಯ ತಳದ ಚಿಪ್ಸ್ ಯಾರ ಪಾಲಿಗೆ ಬರುತ್ತದೋ ಅವರಿಗೆ ಮೆತ್ತಗಿನದೇ ಗತಿ. ಕೆಲಸಕ್ಕೆ ಬೇಕಾದ ಖಾಲಿ ಜಾಗ ಯಾವುದು, ಕಣ್ಣಿಗೆ ಮಣ್ಣೆರಚುವ ಖಾಲಿ ಜಾಗ ಯಾವುದು ಎಂದು ಅಮೆರಿಕದ ಆಹಾರ ನಿಯಮಗಳು ಪ್ರತ್ಯೇಕಿಸಿಯೇ ಬರೆದಿವೆ. ಖಾಲಿ ಜಾಗವನ್ನು ಹೀಗೆ ವಿಂಗಡಿಸಲು ಸಾಧ್ಯವಾದರೆ ಚಿತ್ರವನ್ನೂ ವಿಂಗಡಿಸಬಹುದು ಎಂಬುದು ನನ್ನ ವಾದ.

ಪ್ರಮಾಣದ ಬಗ್ಗೆ ಎರಡೇ ಮಾತು. 2016ರಲ್ಲಿ ಬ್ರಿಟನ್ನಿನಲ್ಲಿ ಬೆಟ್ಟಸಾಲಿನ ಆಕಾರದ ಟೋಬ್ಲರೋನ್ ಚಾಕೊಲೇಟಿನ ಶಿಖರಗಳ ನಡುವಿನ ಕಣಿವೆ ಅಗಲವಾಯಿತು. 400 ಗ್ರಾಂ ಇದ್ದದ್ದು 360ಕ್ಕೆ ಇಳಿಯಿತು. ಅದು ಗದ್ದಲವಾದದ್ದು ಆಕಾರ ಕಣ್ಣಿಗೆ ಬಿದ್ದದ್ದರಿಂದ. ಆಕಾರ ಉಳಿಸಿಕೊಂಡು ಮೈ ತೆಳುವಾದ ನೂರಾರು ಪೊಟ್ಟಣಗಳ ಬಗ್ಗೆ ಗದ್ದಲವಿಲ್ಲ. ಪೊಟ್ಟಣ ಎತ್ತರವಾದಷ್ಟೂ ಒಳಗೆ ಹೆಚ್ಚಿದೆ ಎಂದು ಕಣ್ಣು ಲೆಕ್ಕ ಹಾಕುತ್ತದೆ. ಚಿತ್ರವನ್ನು ಕೆಳಗೆ ಬಲಮೂಲೆಗೆ ಇಳಿಸಿದರೆ ಪೊಟ್ಟಣ ಭಾರ ಅನ್ನಿಸುತ್ತದೆ ಎಂಬುದನ್ನೂ 2009ರ ಒಂದು ಅಧ್ಯಯನ ತೋರಿಸಿದೆ. ಫ್ರಾನ್ಸ್ 2024ರ ಜುಲೈಯಿಂದ ದೊಡ್ಡ ಮಳಿಗೆಗಳಲ್ಲಿ ತೂಕ ಇಳಿಸಿದ ಸರಕಿನ ಪಕ್ಕ ಎರಡು ತಿಂಗಳು ಸೂಚನೆ ಹಾಕಬೇಕೆಂದು ವಿಧಿಸಿತು. ಸೂಚನೆ ಕಪಾಟಿನ ಮೇಲೆ ಬೇಡ, ಪೊಟ್ಟಣದ ಮುಂಬದಿಯಲ್ಲೇ ಬರಲಿ ಎಂಬುದು ನನ್ನ ತಿದ್ದುಪಡಿ.

ಹಾಗಾದರೆ ಬಣ್ಣವನ್ನು ನಿಷೇಧಿಸಬೇಕೇ? ಇಷ್ಟೇ ಹಸಿರು, ಇಷ್ಟೇ ಹೊಳಪು ಎಂದು ಕೋಷ್ಟಕ ಹಾಕಬೇಕೇ? ದಯವಿಟ್ಟು ಬೇಡ. ಹಾಗೆ ಮಾಡಿದರೆ ನನ್ನಂಥ ಹತ್ತು ಜನ ಸೇರಿ ಮುಂದಿನ ಸೋಮವಾರದೊಳಗೆ ದಾರಿ ಹುಡುಕುತ್ತಾರೆ. ಹಸಿರು ಬೇಡವೆಂದರೆ ನಾರುಬಟ್ಟೆಯಂಥ ಕಾಗದ, ಅದೂ ಬೇಡವೆಂದರೆ ದಾರದ ಗಂಟಿನ ಚಿತ್ರ. ಸಾಧನಗಳನ್ನು ಎಣಿಸಲು ಹೋದರೆ ನೀವು ಸೋಲುತ್ತೀರಿ. ಪರಿಣಾಮವನ್ನು ಅಳೆಯಿರಿ.

ಅಳೆಯುವುದು ನಿಮಗೆ ತೋರುವಷ್ಟು ಕಷ್ಟವಲ್ಲ. ಪೊಟ್ಟಣದ ಮುಂಬದಿಯನ್ನು ಸಾಮಾನ್ಯ ಜನರಿಗೆ ಕೆಲವು ಕ್ಷಣ ತೋರಿಸಿ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ: ಇದರೊಳಗೆ ಹಣ್ಣು ಎಷ್ಟಿದೆ ಎನ್ನಿಸುತ್ತದೆ? ಸಕ್ಕರೆ? ಎಷ್ಟು ತುಂಡು? ಮಾಮೂಲಿ ಬಿಸ್ಕತ್ತಿಗಿಂತ ಇದು ಒಳ್ಳೆಯದೋ? ಉತ್ತರಗಳನ್ನು ಹಿಂಬದಿಯ ಪಟ್ಟಿಯ ಪಕ್ಕ ಇಟ್ಟು ನೋಡಿ. ಅಂತರ ಒಂದು ಮಿತಿ ದಾಟಿದರೆ ಪೊಟ್ಟಣ ವಾಪಸ್ಸು, ತಿದ್ದಿಕೊಂಡು ಬನ್ನಿ ಎನ್ನಿ. ಯಾವ ಬಣ್ಣ ಯಾವ ಚಿತ್ರ ಎಂಬ ತಲೆನೋವು ಅವರದೇ ಇರಲಿ. ಹಣ್ಣಿನ ಚಿತ್ರ ಇಟ್ಟೇ ತೀರುತ್ತೇವೆ ಎಂದರೆ ಅದರ ಪಕ್ಕದಲ್ಲೇ, ಚಿತ್ರದಷ್ಟೇ ಕಣ್ಣಿಗೆ ಬೀಳುವಂತೆ, ಶೇಕಡಾ ಎಷ್ಟು ಹಣ್ಣು ಎಂಬ ಸಂಖ್ಯೆ. ಸೊನ್ನೆ ಇದ್ದರೆ ಸೊನ್ನೆ.

ಇಂಥ ಪರೀಕ್ಷೆಗೆ ಯಾರು ಖರ್ಚು ಮಾಡುತ್ತಾರೆ ಎಂದು ಕಂಪನಿಗಳು ನಿಮ್ಮನ್ನು ಕೇಳುತ್ತವೆ. ಆಗ ನೀವು ಅವರಿಗೆ ಹೇಳಬೇಕಾದ್ದು ಇದು: ‘ನೀವು ಆಗಲೇ ಮಾಡಿದ್ದೀರಿ.’ ನಾನು ಮಾಡಿದ ಯಾವ ದೊಡ್ಡ ಪೊಟ್ಟಣವೂ ಜನರ ಮುಂದೆ ಹಿಡಿದು ಕೇಳದೆ ಅಚ್ಚಿಗೆ ಹೋಗಲಿಲ್ಲ. ಎಷ್ಟು ಸೆಕೆಂಡಿನಲ್ಲಿ ಕಣ್ಣು ಎಲ್ಲಿಗೆ ಹೋಯಿತು, ಯಾವ ಪದ ಬಾಯಿಗೆ ಬಂತು, ‘ತಾಜಾ’ ಎಂದವರು ಎಷ್ಟು, ‘ಮನೆಯಲ್ಲಿ ಮಾಡಿದಂತಿದೆ’ ಎಂದವರು ಎಷ್ಟು, ಎಲ್ಲಕ್ಕೂ ಕಡತವಿದೆ. ಪೊಟ್ಟಣ ಜನರಲ್ಲಿ ಯಾವ ನಂಬಿಕೆ ಹುಟ್ಟಿಸುತ್ತದೆ ಎಂಬುದು ಅದನ್ನು ಮಾಡಿಸಿದವರಿಗೆ ಚೆನ್ನಾಗಿ ಗೊತ್ತು. ಆ ನಂಬಿಕೆ ಒಳಗಿನ ಪದಾರ್ಥಕ್ಕೆ ಹೊಂದುತ್ತದೋ ಇಲ್ಲವೋ ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ಆ ಕಡತವನ್ನು ತರಿಸಿಕೊಳ್ಳಿ. ಪದಾರ್ಥಗಳ ಪಟ್ಟಿ ಸಲ್ಲಿಸುವಂತೆ ಅದನ್ನೂ ಸಲ್ಲಿಸಬೇಕು ಎಂದು ಒಂದು ಸಾಲು ಬರೆಯಿರಿ. ನಿಮ್ಮ ಪುಸ್ತಕದ ಉಳಿದ ನೂರು ಪುಟಕ್ಕಿಂತ ಆ ಒಂದು ಸಾಲಿಗೆ ನಾವು ಹೆಚ್ಚು ಹೆದರುತ್ತಿದ್ದೆವು.

ಆ ಎರಡು ಪೊಟ್ಟಣಗಳ ಪರೀಕ್ಷೆಗೂ ಒಂದು ಕಡತವಿತ್ತು. ಮಣ್ಣಿನ ಬಣ್ಣದ್ದೇ ಗೆದ್ದು ಅಂಗಡಿಗೆ ಹೋಯಿತು, ಬಹಳ ವರ್ಷ ಓಡಿತು. ವರದಿಯ ಕೊನೆಯ ಪುಟದಲ್ಲಿ ಎರಡು ಸಾಲು ಇದ್ದವು: ‘ಸಕ್ಕರೆ ಪ್ರಮಾಣ: ಬದಲಾವಣೆ ಇಲ್ಲ. ಸಿಹಿ ಕಡಿಮೆ ಎಂಬ ಅನಿಸಿಕೆ: ಉದ್ದೇಶ ಈಡೇರಿದೆ.’ ಕೆಳಗೆ ವಿನ್ಯಾಸ ವಿಭಾಗದ ಪರವಾಗಿ ಇದ್ದದ್ದು ನನ್ನ ಸಹಿ.

ಇತಿ,
ಪೊಟ್ಟಣಗಳ ಮುಖ ಬರೆಯುತ್ತಿದ್ದವನೊಬ್ಬ